ಗಿರಿಜಾ ಅಕ್ಕೋರ ಸಂಕ

ಗಿರಿಜಾ ಅಕ್ಕೋರು ಆಟ ನೋಡುತ್ತಿರಲಿಲ್ಲ, ಆಟ ನೋಡುವವರನ್ನು ನೋಡುತ್ತಿದ್ದರು. ಊರೆಲ್ಲ ಕಬಡ್ಡಿ ಕಣದ ಕಡೆ ಕತ್ತು ಚಾಚಿ ನಿಂತಿದ್ದರೆ ಇವರೊಬ್ಬರು ಕಣಕ್ಕೆ ಬೆನ್ನು ಹಾಕಿ ಜನರ ಮುಖ ನೋಡುತ್ತಿದ್ದರು. ನಾನು ದೈಹಿಕ ಶಿಕ್ಷಕ, ಸೀಟಿ ಊದಿಯೇ ಅರ್ಧ ಆಯುಷ್ಯ ಕಳೆದವನು. ನಾನು ನಡೆಸುತ್ತಿದ್ದ ಪಂದ್ಯಕ್ಕೇ ಹೀಗೆ ಬೆನ್ನು ತಿರುಗಿಸಿ ನಿಂತವರನ್ನು ಮೊದಲ ಸಲ ಕಂಡಾಗ ಮೈ ಉರಿಯಿತು. ಕೇಳಿಯೇಬಿಟ್ಟೆ.

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಮಂದಿ ಯಾವಾಗ ಉಸುರು ಹಿಡೀತಾರ ಅಂತ ನೋಡಾಕತ್ತೇನಿ," ಎಂದರು.

ಬನವಾಸಿ ಕಡೆಯವರು, ಶಿರಸಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮಾತು ಜೋರು, ನಡಿಗೆ ಇನ್ನೂ ಜೋರು, ಹಠದ ಸುದ್ದಿ ಮಾತ್ರ ಕೇಳಲೇಬೇಡಿ. ಚಹಾ ಸ್ವಲ್ಪ ಸಿಹಿಯಾದರೆ ಲೋಟ ಹಿಂದಕ್ಕೆ ತಳ್ಳಿ, "ಪಾನಕ ಆಮ್ಯಾಲೆ ಕುಡೀತೇನಿ, ಮೊದಲ ಚಹಾ ತರ್ರಿ," ಎನ್ನುವರು. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಸಭಾಭವನದ ನೆಲ ಅವರ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಕಣ ಹಾಕಿದರೆ ಜನ ಎಲ್ಲಿ ನಿಂತಾರು ಎಂದು ಊಟದ ಸಾಲಿನಲ್ಲೂ ಲೆಕ್ಕ ಹಾಕುವವರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೈಸ್ಕೂಲುಗಳಿಗೆ ವರ್ಷಕ್ಕೊಮ್ಮೆ ರೋಬೋಟ್ ಸ್ಪರ್ಧೆ ನಡೆಯುತ್ತಿತ್ತು. ಬಿಳಿ ಹಲಗೆಯ ಮೇಲೆ ಕಪ್ಪು ಪಟ್ಟಿ ಅಂಟಿಸುವುದು, ಮಕ್ಕಳು ಕಟ್ಟಿದ ಪುಟ್ಟ ಗಾಡಿಗಳು ಅದರ ಮೇಲೆ ತೆವಳುವುದು, ನೋಡಲು ಬಂದವರು ಆಕಳಿಸುವುದು. ಒಂದು ವರ್ಷ ಸಮಿತಿಯ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿದರು: ಈ ಸಲವೂ ಹೀಗೇ ಆದರೆ ಇಲ್ಲಿಯದನ್ನು ನಿಲ್ಲಿಸಿ ಹುಬ್ಬಳ್ಳಿಯ ಸ್ಪರ್ಧೆಗೆ ಸೇರಿಸಿಬಿಡೋಣ. ಹುಬ್ಬಳ್ಳಿಗೆ ನಮ್ಮ ಮಕ್ಕಳಲ್ಲಿ ಎಷ್ಟು ಜನ ಹೋದಾರು? ಅಕ್ಕೋರು ಎದ್ದು ನಿಂತರು. "ಈ ವರ್ಷದ ಕಣ ನಾ ಮಾಡ್ತೇನಿ. ಮಂದಿ ಎದ್ದು ನಿಲ್ಲಲಿಲ್ಲಂದ್ರ ಒಯ್ರಿ ಹುಬ್ಬಳ್ಳಿಗೆ." ನಿಯಮ ನೋಡಿಕೊಳ್ಳಲು ನನ್ನನ್ನೂ ಎಳೆದುಕೊಂಡರು.

ಪ್ಲೈವುಡ್ಡಿನ ಕಣ. ನಡುವೆ ಅಡ್ಡಲಾಗಿ ಒಂದು ಹಳ್ಳ. ಹಳ್ಳಕ್ಕೆ ಒಂದೇ ಸಂಕ, ಒಂದು ಗಾಡಿ ಮಾತ್ರ ಹಿಡಿಸುವ ಕಿರಿದಾದ ಹಲಗೆ. ಎರಡೂ ತಂಡ ಒಂದೇ ದಡದಲ್ಲಿ. ಅಲ್ಲಿರುವ ಮರದ ಚೆಂಡುಗಳನ್ನು ಒಂದೊಂದಾಗಿ ಗಾಡಿಯ ಮೇಲೆ ಹೊತ್ತು, ಸಂಕ ದಾಟಿಸಿ, ಆಚೆ ದಡದ ತಮ್ಮ ಬುಟ್ಟಿಗೆ ಹಾಕಿ, ಖಾಲಿ ಗಾಡಿ ಹಿಂದೆ ಬರಬೇಕು. ಚೆಂಡಿಗೆ ಒಂದು ಅಂಕ, ಕೆಂಪು ಚೆಂಡಿಗೆ ಎರಡು.

ಸ್ಪರ್ಧೆಯ ಹಿಂದಿನ ದಿನ ತಾಲೀಮು. ಎರಡು ಗಾಡಿಗಳೂ ಸಂಕದ ಬುಡಕ್ಕೆ ಬಂದವು, ನಿಂತವು, ಹಿಂದೆ ಸರಿದವು. ಮತ್ತೆ ಬಂದವು, ಮತ್ತೆ ಸರಿದವು. ರಿಮೋಟ್ ಹಿಡಿದ ಮಕ್ಕಳು ಒಬ್ಬರಿಗೊಬ್ಬರು "ನೀವು ಹೋಗಿ", "ಅಡ್ಡಿಲ್ಲೆ, ನೀವೇ ಹೋಗಿ" ಎನ್ನುತ್ತಿದ್ದರು. ಸಂಕದ ಮೇಲೆ ಎದುರಾದವರಿಗೆ ದಾರಿ ಬಿಟ್ಟೇ ಬೆಳೆದ ಮಕ್ಕಳು, ಆಟದಲ್ಲೂ ಅದನ್ನೇ ಮಾಡಿದರು. ಸಮಯ ಮುಗಿದಾಗ ಬುಟ್ಟಿಗಳಲ್ಲಿ ಒಂದು ಚೆಂಡೂ ಇರಲಿಲ್ಲ.

"ಆತಲ್ಲ, ಈ ಹಳ್ಳ-ಗಿಳ್ಳ ಮುಚ್ಚಿ ಕಪ್ಪು ಪಟ್ಟಿನೇ ಅಂಟ್ಸಿ," ಎಂದರು ಅಧ್ಯಕ್ಷರು.

ನಾನು ತಡೆದೆ. "ಹಿಂದೆ ಸರಿದ್ರೆ ಅಂಕ ಕಳೆಯೋಣ ಅಕ್ಕೋರೆ. ಆಗ ನುಗ್ತಾರೆ."

"ಮಕ್ಕಳಿಗೆ ಗುಮ್ಮಾಕ ಕಲಸ್ಲೇನ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಸಿದ್ದಾಪುರದ ತಂಡದ ಹುಡುಗಿಯನ್ನು ಕರೆದರು. "ನಿಮ್ಮೂರ ಸಂಕದ ಮ್ಯಾಲೆ ಇಬ್ರು ಎದುರಾದ್ರ ಯಾರು ಹಿಂದ ಸರೀತಾರವ್ವ?"

"ಕೈ ಖಾಲಿ ಇದ್ದವ್ರು, ಅಕ್ಕೋರೆ. ಹೊರೆ ಹೊತ್ತವ್ರಿಗೆ ತಿರುಗೂಕೆ ಆಗೂದಿಲ್ಲ ಅಲ್ದಾ? ಇಬ್ರ ಮೇಲೂ ಹೊರೆ ಇದ್ರೆ, ಮೊದ್ಲು ಕಾಲಿಟ್ಟವ್ರು ದಾಟ್ತಾರೆ."

"ಇದ ನಿಯಮ. ಹೇಳ್ರಿ ಎಲ್ಲಾರಿಗೂ," ಎಂದರು ನನಗೆ.

"ಸರಿಯದೇ ನಿಂತವ್ರಿಗೆ ದಂಡ?"

"ದಂಡ ಇಲ್ಲ."

"ದಂಡ ಇಲ್ದೆ ಇದ್ರೆ ಅದು ನಿಯಮವೇ ಅಲ್ಲ. ಗೆಲ್ಲೋ ಹೊತ್ತಿಗೆ ಯಾರು ಸರೀತಾರೆ ಅಕ್ಕೋರೆ?"

"ಅದನ್ನ ನೋಡಾಕ ಅಲ್ಲೇನ್ರಿ, ಮಂದಿ ಉಸುರು ಹಿಡಿಯೂದು?"

ಸಿಟ್ಟಿನಿಂದ ಮನೆಗೆ ಹೋದೆ. ಇಡೀ ಸ್ಪರ್ಧೆಯನ್ನು ಮಕ್ಕಳ ಮರ್ಯಾದೆಯ ಮೇಲೆ ಒತ್ತೆ ಇಟ್ಟ ಹುಚ್ಚು ಹೆಂಗಸು ಎಂದು ಹೆಂಡತಿಯ ಮುಂದೆ ಬೈದೆ.

ಮರುದಿನ ಆಟ ಬೇರೆಯೇ ಆಯಿತು. ಹೊರೆ ಹೊತ್ತವರಿಗೆ ದಾರಿ ಎಂದಾದ ಮೇಲೆ ಎಲ್ಲರಿಗೂ ಮೊದಲು ಚೆಂಡು ಹೊರುವ ಅವಸರ. ಖಾಲಿ ಗಾಡಿಗಳು ಸಂಕದ ಅರ್ಧದಿಂದ ಹಿಂದಕ್ಕೋಡುವುದನ್ನು ಕಂಡು ಜನ ಕೂಗತೊಡಗಿದರು. ಫೈನಲ್ಲಿಗೆ ಯಲ್ಲಾಪುರ ಮತ್ತು ಸಿದ್ದಾಪುರ ಬಂದವು. ಕೊನೆಯ ನಿಮಿಷಕ್ಕೆ ಯಲ್ಲಾಪುರ ಒಂದು ಅಂಕ ಮುಂದಿತ್ತು. ಅವರ ಖಾಲಿ ಗಾಡಿ ವಾಪಸು ಬರುತ್ತ ಸಂಕದ ನಡುವೆ ಇತ್ತು. ಎದುರಿನಿಂದ ಸಿದ್ದಾಪುರದ ಗಾಡಿ ಕೆಂಪು ಚೆಂಡು ಹೊತ್ತು ಹಲಗೆ ಹತ್ತಿತು.

ಯಲ್ಲಾಪುರದ ಗಾಡಿ ಸುಮ್ಮನೆ ಅಲ್ಲೇ ನಿಂತರೆ ಸಾಕು, ಗೆದ್ದಂತೆ. ನಿಂತದ್ದಕ್ಕೆ ದಂಡವಿಲ್ಲ. ರಿಮೋಟ್ ಹಿಡಿದ ಸಹನಾ ಎಂಬ ಹುಡುಗಿಗೆ ಅದು ಹೊಳೆದದ್ದು ನನಗೆ ಕಾಣಿಸಿತು. ಅವಳ ಮಾಸ್ತರು ಕೂಗಿದರು: "ಜಾಗ ಬಿಡಡ! ಅಲ್ಲೇ ನಿಲ್ಸು!" ಜನ ಉಸಿರು ಹಿಡಿದು ಎದ್ದು ನಿಂತರು. ಸೀಟಿ ಕಚ್ಚಿಕೊಂಡ ನನ್ನ ಹಲ್ಲು ನೋಯುತ್ತಿತ್ತು. ಅಕ್ಕೋರ ಕಡೆ ನೋಡಿದೆ. ಆ ಹೊತ್ತು ಅವರು ಜನರನ್ನೂ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ನಿಂತಿದ್ದರು.

ಗಾಡಿ ಹಿಂದೆ ಸರಿಯಿತು. ಸಿದ್ದಾಪುರದ ಗಾಡಿ ದಾಟಿ ಕೆಂಪು ಚೆಂಡನ್ನು ಬುಟ್ಟಿಗೆ ಹಾಕಿತು. ನಾನು ಸೀಟಿ ಊದಿದ್ದು ನನಗೇ ಕೇಳಿಸಲಿಲ್ಲ, ಅಷ್ಟು ಗದ್ದಲ. ಅಧ್ಯಕ್ಷರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸೋತ ಸಹನಾ ನೆಲದಲ್ಲಿ ಕೂತು ಅಳುತ್ತಿದ್ದಳು. ಅಕ್ಕೋರು ಗೆದ್ದವರ ಹತ್ತಿರ ಹೋಗದೆ ಅವಳ ಪಕ್ಕ ಕೂತರು. "ನಾ ಕೇಳಿದ್ದು ಭಾಳ ಆತವ್ವ. ಆದ್ರೂ ಕೊಟ್ಟಿ," ಎಂದು ತಾವೂ ಅತ್ತರು. ನನ್ನ ಕಣ್ಣೂ ತುಂಬಿತ್ತು.

ಸ್ಪರ್ಧೆ ಶಿರಸಿಯಲ್ಲೇ ಉಳಿಯಿತು. ಅಕ್ಕೋರು ಉಳಿಯಲಿಲ್ಲ. ಮುಂದಿನ ಕಣದ ಮಾತು ಶುರುವಾಗುವ ಮೊದಲೇ ಎದೆನೋವೆಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಕೇಳಿ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇನ್ನೂ ಎಷ್ಟೋ ಜಗಳ ಬಾಕಿ ಇತ್ತು.

ಅವರ ನೆನಪಿಗೆಂದು ಈ ವರ್ಷವೂ ಅದೇ ಕಣ, ಅದೇ ನಿಯಮ ಇಟ್ಟೆವು. ಫೈನಲ್ಲಿನಲ್ಲಿ ಮತ್ತೆ ಅಂಥದೇ ಗಳಿಗೆ ಬಂತು. ಖಾಲಿ ಗಾಡಿ ಸಂಕದ ನಡುವೆ, ಎದುರಿಗೆ ಚೆಂಡು ಹೊತ್ತ ಗಾಡಿ. ಖಾಲಿ ಗಾಡಿ ಸರಿಯಲಿಲ್ಲ. ಸಮಯ ಮುಗಿಯುವವರೆಗೂ ನಿಂತೇ ಇತ್ತು. ನಾನು ಸೀಟಿ ಊದಿದೆ. ನಿಂತವರು ಗೆದ್ದರು. ಚಪ್ಪಾಳೆ ಅಲ್ಲಲ್ಲಿ ಬಿತ್ತು.

ಅಧ್ಯಕ್ಷರು ಹತ್ತಿರ ಬಂದರು. "ನೀವು ಆಗ್ಲೇ ಹೇಳಿದ್ರಿ ಮಾಸ್ತರ್ರೆ. ಬಪ್ಪ ವರ್ಷ ದಂಡ ಹಾಕ್ವನಾ?"

ಹೌದು, ನಾನು ಆಗಲೇ ಹೇಳಿದ್ದೆ. "ಬೇಡ" ಎಂದೆ. ಅವರು ಯಾಕೆ ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಬೇಕಾದವರು ಅಲ್ಲಿರಲಿಲ್ಲ.