ಬೆನ್ನ ಹಿಂದಿನ ಜಾಡಿ

ಪ್ರಾಣಿಶಾಸ್ತ್ರ ವಿಭಾಗದ ಕೆಲಸದ ಆಯಾ, ದಿನಾ ಬೆಳಿಗ್ಗೆ ಮೂಲೆಯಲ್ಲಿ 'ಮನುಷ್ಯ ಭ್ರೂಣ' ಎಂಬ ಚೀಟಿ ಅಂಟಿಸಿದ್ದ ಗಾಜಿನ ಜಾಡಿಯ ಮುಂದೆ ನಿಂತು, ನನ್ನ ಕೂಸನ್ನು ನೋಡಿಕೋ ಎಂದು ದೇವರನ್ನು ಬೇಡುತ್ತಿದ್ದಳು. ಎರಡೇ ತಿಂಗಳಿಗೆ ಇಳಿದುಹೋದ ಅವಳ ಬಸಿರನ್ನು ಆಸ್ಪತ್ರೆಯವರು ಒಂದು ಮಾತೂ ಕೇಳದೆ ಈ ಕಾಲೇಜಿಗೆ ಕೊಟ್ಟಿದ್ದರು. ಅವರ ಪಾಲಿಗೆ ತಾಯಿಯ ಹೊಟ್ಟೆಯೂ ಒಂದು ಜಾಡಿಯೇ. ಕೂಸಿನ ಹತ್ತಿರ ಇರಬೇಕೆಂದೇ ಅವಳು ಇಲ್ಲಿ ಕೆಲಸಕ್ಕೆ ಸೇರಿದ್ದಳು.

"ಇದಕ್ಯಾಕಮ್ಮ ಕೈ ಮುಗೀತೀಯ?" ಹೊಸ ಮೇಷ್ಟ್ರು ಜಾಡಿಯನ್ನು ಬೆಳಕಿಗೆ ಹಿಡಿದು ನಕ್ಕರು. "ಚೀಟಿ ತಪ್ಪು, ಇದು ಹಂದೀದು, ಪಳಗಿದ ಕಣ್ಣಿಗೆ ಗೊತ್ತಾಗತ್ತೆ. ಇಷ್ಟು ಎಳೇದರಲ್ಲಿ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ, ಬಾಲ ಸಮೇತ. ಒಂದೇ ಬಳ್ಳಿ ಕಾಯಿಗಳು ನಾವೆಲ್ಲ. ನಿನ್ನ ದೇವರಿಗೆ ಇಲ್ಲೇನು ಕೆಲಸ?"

ಜಾಡಿಗಳು ಕೆಡದಂತೆ ತುಂಬಿದ ಸ್ಪಿರಿಟ್ ಬದಲಿಸುವಾಗ ಚೀಟಿ ಬಿಡಿಸಿ ಮತ್ತೆ ಅಂಟಿಸುತ್ತಿದ್ದವಳು ಅವಳೇ; ಎಂದೋ ಅದಲುಬದಲಾಗಿತ್ತು.

"ಹಾಗಾದ್ರೆ ನನ್ನ ಕೂಸು ಯಾವುದು ಸಾರ್?"

ಮೇಷ್ಟ್ರ ನಗು ಆರಿತು. ಸಾಲುಸಾಲು ಹುಡುಕಿ, ಎದುರುಗೋಡೆಯ ಕಪಾಟಿನತ್ತ ಬೆರಳು ತೋರಿಸಿದರು. ಇಷ್ಟು ವರ್ಷವೂ ಅದು ಅವಳ ಬೆನ್ನನ್ನೇ ನೋಡುತ್ತಿತ್ತು.

ಅವಳು ಅದನ್ನು ಎದೆಗವಚಿ ತಂದು ಹಂದಿಯ ಪಕ್ಕ ಇಟ್ಟಳು. "ಒಂದೇ ಬಳ್ಳಿ ಅಂದ್ರಲ್ಲ ಸಾರ್, ಅದಕ್ಕೆ ನೀರು ಹಾಕಿದೋನೂ ಒಬ್ಬನೇ. ನಾನು ಬೇಡಿದ್ದು ದಾರಿ ತಪ್ಪಿರಲ್ಲ."

ಮರುದಿನ ಬೀಗ ತೆಗೆದಾಗ ಎರಡು ಕೂಸುಗಳೂ ಸ್ಪಿರಿಟ್‌ನಲ್ಲಿ ತಿರುಗಿ, ಒಂದಕ್ಕೊಂದು ಮುಖ ಮಾಡಿಕೊಂಡಿದ್ದವು.