ಎರಡು ಪಾರ್ಕುಗಳೂ ನಮ್ಮ ಅತ್ತೆಯವರೂ

ಮೊನ್ನೆ ಶನಿವಾರ ಮನೆಯ ಸಂಪು ತೊಳೆಸಿ, ಬ್ಲೀಚಿಂಗ್ ಪೌಡರಿನ ಪೊಟ್ಟಣ ಬಿಚ್ಚಿದೆ ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ ನನಗೆ ಖುಷಿಯಾಗಿಬಿಟ್ಟಿತು. ನಗಬೇಡಿ. ಬೇರೆಯವರಿಗೆ ಆ ವಾಸನೆಗೆ ಕೆಮ್ಮು ಬರುತ್ತದೆ, ಆಸ್ಪತ್ರೆ ನೆನಪಾಗುತ್ತದೆ. ನನಗೆ ನೆನಪಾಗುವುದು ಒದ್ದೆ ಚೂಡಿದಾರು, ಟಿಕೆಟ್ಟಿನ ಸಾಲು, ಬಾಯಿ ಬಡಿದುಕೊಂಡು ಮೇಲಿಂದ ಜಾರಿ ಬರುವ ಜನ, ಮತ್ತು ಅವರ ನಡುವೆ ಬಾಯಿ ಬಡಿದುಕೊಳ್ಳದೆ ಜಾರಿ ಬರುವ ನಮ್ಮ ಅತ್ತೆ ಗೌರಮ್ಮನವರು.

ಇಸವಿ ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮ ಮೈಸೂರಿನವರಿಗೆ ಹೋಗಿಬರಲು ಎರಡು ಪಾರ್ಕುಗಳಿದ್ದವು. ಮರಗಿಡದ ಪಾರ್ಕಲ್ಲ, ರೈಡುಗಳ ಪಾರ್ಕು. ಹೆಸರು ಹೇಳುವುದಿಲ್ಲ, ಯಾರಿಗೂ ಬೇಸರ ಬೇಡ. ಮನೆಯಲ್ಲಿ ನಾವು ಒಂದನ್ನು ‘ಹತ್ತಿರದ್ದು’ ಅನ್ನುತ್ತಿದ್ದೆವು, ಇನ್ನೊಂದನ್ನು ‘ದೂರದ್ದು’. ಹತ್ತಿರದ್ದಕ್ಕೆ ರಾಮಕೃಷ್ಣನಗರದ ನಮ್ಮ ಮನೆಯಿಂದ ಆಟೋ ಸಾಕು. ದೂರದ್ದಕ್ಕೆ ಬೆಳಿಗ್ಗೆ ಆರಕ್ಕೆ ಎದ್ದು ಬಸ್ಸು ಹಿಡಿಯಬೇಕು. ಇವೆರಡರಲ್ಲಿ ಯಾವುದು ಮೇಲು ಎಂಬ ವಿಷಯದಲ್ಲಿ ನನಗಿಂತ ತಿಳಿದವರು ಊರಿನಲ್ಲಿ ಇನ್ನೊಬ್ಬರಿದ್ದರೆ ಅದು ಅತ್ತೆಯವರೇ. ಇದು ಜಂಬದ ಮಾತಲ್ಲ, ಬೆನ್ನು ಸೊಂಟ ನೋಯಿಸಿಕೊಂಡು ಸಂಪಾದಿಸಿದ ವಿದ್ಯೆ.

ಅತ್ತೆಯವರ ಈ ಹುಚ್ಚು ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಆಗ ನಾವು ಬನ್ನಿಮಂಟಪದ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕದ ಮೊದಮೊದಲ ಮಾತು. ದಸರಾ ಎಗ್ಜಿಬಿಷನ್ನಿಗೆ ಹೊಸ ಸೊಸೆಯನ್ನು ಕರೆದುಕೊಂಡು ಹೋದ ಅತ್ತೆ, ಬಳೆ ಅಂಗಡಿ ತೋರಿಸುತ್ತಾರೆ ಎಂದುಕೊಂಡರೆ ನೇರವಾಗಿ ಜೈಂಟ್ ವೀಲಿನ ತೊಟ್ಟಿಲಲ್ಲಿ ಕೂರಿಸಿದರು. ಮೇಲೆ ಹೋಗುತ್ತಿದ್ದಂತೆ ನಾನು ಕಣ್ಣು ಮುಚ್ಚಿ ಅವರ ಸೆರಗು ಹಿಡಿದುಕೊಂಡೆ. ‘ಕಣ್ ಬುಡು ಕಣಮ್ಮ. ಕಣ್ ಮುಚ್ಕೊಳ್ಳೋದಾದ್ರೆ ಮನೇಲೇ ಮಲಗ್ಬೋದಿತ್ತಲ್ಲ’ ಅಂದರು. ಕಣ್ಣು ಬಿಟ್ಟೆ. ದೀಪ ಹಾಕಿದ ಅರಮನೆ ಕಾಲ ಕೆಳಗಿತ್ತು. ಅವತ್ತಿನಿಂದ ನಾನು ಅತ್ತೆಯ ಪಾರ್ಟಿ.

ಪಾರ್ಕುಗಳು ಬಂದಮೇಲೆ ಮಾತ್ರ ಪಾರ್ಟಿ ಒಡೆಯಿತು. ಅವರು ಹತ್ತಿರದ್ದರ ಕಡೆ, ನಾನು ದೂರದ್ದರ ಕಡೆ. ಬೇಸಿಗೆ ರಜ ಬರುವ ಮುಂಚೆ ಎರಡೂ ಪಾರ್ಕಿನವರು ಸಿಟಿ ಬಸ್ಸುಗಳ ಹಿಂದೆ ಬಣ್ಣದ ಜಾಹೀರಾತು ಅಂಟಿಸುತ್ತಿದ್ದರು. ಒಬ್ಬರು ಅಲೆ ಏಳುವ ಕೊಳ ಮಾಡಿದರೆ, ಇನ್ನೊಬ್ಬರು ಕೃತಕ ಮಳೆಯಲ್ಲಿ ಕುಣಿಯುವ ಕಟ್ಟೆ ಮಾಡುವರು. ಒಬ್ಬರು ದೋಣಿಯ ಹಾಗೆ ತೂಗುವ ಕೊಲಂಬಸ್ ತಂದರೆ, ಇನ್ನೊಬ್ಬರು ಅದಕ್ಕಿಂತ ಎರಡಾಳು ಎತ್ತರದ ಕೊಲಂಬಸ್ ತರುವರು. ನಮ್ಮ ಮನೆಯವರು ಮಾತ್ರ ಎಲ್ಲಿ ಹೋದರೂ ಚೀಲಗಳ ಪಕ್ಕ ಕೂತು ಪೇಪರು ಓದುತ್ತಿದ್ದರು. ಅವರ ಪ್ರಕಾರ ಎರಡು ಪಾರ್ಕಿನಲ್ಲೂ ನೆರಳು ಕಡಿಮೆ.

ನನ್ನ ವಾದ ಸರಳ. ದೂರದ್ದರಲ್ಲಿ ರೈಡು ಹೆಚ್ಚು, ಜಾಗ ಹೆಚ್ಚು, ಬಟ್ಟೆ ಬದಲಾಯಿಸುವ ಕೋಣೆಯ ನೆಲ ಒಣಗಿರುತ್ತದೆ. ಅತ್ತೆಯ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ‘ಅಲ್ಲಿ ಸಾಲಲ್ಲಿ ನಿಂತು ನಿಂತು ರೈಡ್ ಹತ್ತೋ ಹೊತ್ಗೆ ಆಸೆಯೇ ಹೋಗ್ಬುಟ್ಟಿರ್ತದೆ. ಇಲ್ಲಿ ಇಳಿದ್ರೆ ಇನ್ನೊಂದ್ಸಲ ಹತ್ತು ಅಂತಾರೆ’ ಎನ್ನುವರು. ಹತ್ತಿರದ್ದರ ಗೇಟಿನವರು ಚೀಲ ತಡಕುವಾಗ ಅಡಿಯಲ್ಲಿದ್ದ ಚಿತ್ರಾನ್ನದ ಡಬ್ಬಿ ಕಂಡೂ ಕಾಣದ ಹಾಗೆ ಬಿಡುತ್ತಿದ್ದರು ಎಂಬುದೂ ಅವರ ಲೆಕ್ಕದಲ್ಲಿ ಸೇರಿತ್ತು. ಸೀರೆಯವರಿಗೆ ನೀರಿನ ರೈಡು ಇಲ್ಲ ಎಂದು ಎರಡು ಕಡೆಯೂ ಬೋರ್ಡು ಹಾಕಿದಾಗ ಅತ್ತೆ ಒಂದು ದಿನ ಯೋಚನೆ ಮಾಡಿದರು. ಮಾರನೆಯ ದಿನ ನನ್ನ ಬೀರು ತೆಗೆದು ಹಳೆಯ ಕಂದು ಚೂಡಿದಾರು ಹೊರತೆಗೆದರು. ಅರವತ್ತರ ಹತ್ತಿರ ಬಂದಿದ್ದ ಹೆಂಗಸು ಮೊದಲ ಬಾರಿಗೆ ಚೂಡಿದಾರು ಹಾಕಿಕೊಂಡು ಕನ್ನಡಿ ಮುಂದೆ ನಿಂತು, ‘ನಡೆಯೋಕೆ ಇದೇ ವಾಸಿ’ ಅಂದರು.

ಇಲ್ಲಿ ಒಂದು ವಿಷಯ ಹೇಳಿ ಮುಂದೆ ಹೋಗಬೇಕು. ನಾವು ಲಿಂಗ ಕಟ್ಟಿಕೊಳ್ಳುವ ಜನ. ಮಠದ ಗುರುಗಳು, ನಮ್ಮ ಕಡೆಯ ಮಾತಿನಲ್ಲಿ ಬುದ್ಧಿಯವರು, ಕೈಗೆ ಕೊಟ್ಟ ಲಿಂಗವನ್ನು ಮೈಮೇಲಿಂದ ತೆಗೆಯುವಂತಿಲ್ಲ. ದಿನಾ ಸ್ನಾನವಾದ ಮೇಲೆ ಎಡ ಅಂಗೈ ಮೇಲಿಟ್ಟು ಪೂಜೆ, ಆಮೇಲೆ ಬೆಳ್ಳಿಯ ಕರಡಿಗೆಯೊಳಗಿಟ್ಟು ಬಿಳಿ ಬಟ್ಟೆಯಲ್ಲಿ ಸುತ್ತಿ ಶಿವದಾರದಲ್ಲಿ ಕೊರಳಿಗೆ. ಇದು ಅತ್ತೆಯವರ ಕ್ರಮ. ಪೂಜೆಯಾಗದೆ ಅವರು ಒಂದು ಗುಟುಕು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ನನ್ನ ಲಿಂಗ ಎಲ್ಲಿತ್ತು ಎಂದು ಕೇಳಬೇಡಿ. ದೇವರ ಗೂಡಿನಲ್ಲಿ ಕ್ಷೇಮವಾಗಿತ್ತು, ಹಬ್ಬಕ್ಕೆ ನನ್ನ ಕೊರಳಿಗೆ ಬರುತ್ತಿತ್ತು.

ಒಂದು ಬೇಸಿಗೆ ದೂರದ್ದರಲ್ಲಿ ಜನರನ್ನು ತಲೆಕೆಳಗು ಮಾಡುವ ಹೊಸ ರೈಡು ಬಂತು. ಅತ್ತೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ರೈಡಿನವರು ಕೊರಳಲ್ಲಿರುವುದನ್ನು ಬಿಚ್ಚಿಡಿ ಅಂದರು. ಅವರ ನಿಯಮ, ತಪ್ಪೇನಿಲ್ಲ. ಅತ್ತೆ ‘ಅದಾಗಲ್ಲ ಕಣಪ್ಪ’ ಎಂದು ಮೆಟ್ಟಿಲಿಳಿದು ಬಂದು, ನಮ್ಮ ಮನೆಯವರ ಪಕ್ಕ ಕಲ್ಲುಬೆಂಚಿನ ಮೇಲೆ ಕೂತರು. ನಾನೂ ಮಗಳು ಸಹನಾಳೂ ತಲೆಕೆಳಗಾಗಿ ತಿರುಗುತ್ತಿದ್ದಾಗ, ಬೆಂಚಿನ ಮೇಲೆ ಕತ್ತು ಎತ್ತಿ ನೋಡುತ್ತಿದ್ದ ಅವರ ಮುಖ ಪ್ರತಿ ಸುತ್ತಿನಲ್ಲೂ ಕಾಣಿಸುತ್ತಿತ್ತು.

ಅದಕ್ಕೇ ಮರುವರ್ಷ ಹತ್ತಿರದ್ದರಲ್ಲಿ ಹೊಸ ಜಾರುಬಂಡೆ ಬಂದಾಗ ನಾನೇ ಉಪಾಯ ಮಾಡಿದೆ. ಮೂರಂತಸ್ತಿನ ಎತ್ತರದಿಂದ ರಬ್ಬರ್ ಟ್ಯೂಬಿನಲ್ಲಿ ಕೂತು ಜಾರಿ ಕೊಳಕ್ಕೆ ಬೀಳುವ ರೈಡು ಅದು. ಅಲ್ಲಿಯವರು ಕೊರಳಲ್ಲಿ ದಾರ ನೇತಾಡಬಾರದು, ಭದ್ರ ಮಾಡಿಕೊಳ್ಳಿ ಎಂದರು. ನಾನು ಅತ್ತೆಯ ಶಿವದಾರ ಬಿಚ್ಚಿ, ಲಿಂಗ ಸುತ್ತಿದ ಬಟ್ಟೆಯನ್ನು ಚೂಡಿದಾರಿನ ಒಳಗೆ, ಎದೆಯ ಹತ್ತಿರ, ಎರಡು ಸೇಫ್ಟಿ ಪಿನ್ನು ಹಾಕಿ ಸಿಕ್ಕಿಸಿದೆ. ಅತ್ತೆಗೆ ಅನುಮಾನ. ‘ದಾರಾನೂ ಇರ್ಲಿ ಕಣಮ್ಮ’ ಅಂದರು. ‘ನಾನ್ ಹಾಕಿರೋ ಪಿನ್ನು ಅತ್ತೆ, ಎಲ್ಲೂ ಹೋಗಲ್ಲ’ ಅಂದೆ. ನನ್ನ ಧೈರ್ಯ ಯಾವಾಗಲೂ ಹೀಗೆಯೇ, ಬೇರೆಯವರ ವಸ್ತುವಿನ ಮೇಲೆ ಇನ್ನೂ ಹೆಚ್ಚು.

ಅತ್ತೆ ಜಾರಿ ಬಂದು ಕೊಳಕ್ಕೆ ಬಿದ್ದರು, ಮೇಲೆದ್ದರು, ನಗುತ್ತಿದ್ದರು. ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ನಗು ನಿಂತಿತು. ಒಂದು ಪಿನ್ನು ಬಾಯಿಬಿಟ್ಟುಕೊಂಡು ಅಲ್ಲೇ ನೇತಾಡುತ್ತಿತ್ತು. ಲಿಂಗ ಇರಲಿಲ್ಲ.

ಅವರು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಕೊಳದ ಕಟ್ಟೆಯ ಮೇಲೆ ಕೂತು, ‘ಅದು ಸಿಗೋವರ್ಗೂ ನಾನು ಅನ್ನ ನೀರು ಮುಟ್ಟಲ್ಲ. ಈ ಪಾರ್ಕು ಬಿಟ್ಟು ಹೋಗೋದೂ ಇಲ್ಲ’ ಅಂದರು. ಅತ್ತೆ ಆಡಿದರೆ ಆಡಿದ ಹಾಗೆ ನಡೆಯುವವರು, ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ನುಂಗಬೇಕು. ‘ಮಠಕ್ಕೆ ಹೋಗಿ ಬುದ್ಧಿಯವ್ರ ಹತ್ರ ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು ಅತ್ತೆ’ ಅಂದೆ. ‘ಏಳನೇ ವರ್ಷದಿಂದ ನನ್ ಕೈಮೇಲೆ ಕೂತಿರೋದು ಕಣಮ್ಮ ಅದು. ನಿಮ್ ಮಾವ ಹೋದಾಗ್ಲೂ ನಾನು ಅದರ್ ಮುಂದೇನೇ ಅತ್ತಿದ್ದು. ಇನ್ನೊಂದು ಅಂದ್ರೆ ಇನ್ನೊಂದೇ’ ಅಂದರು.

ನಮ್ಮ ಮನೆಯವರು ಪ್ಯಾಂಟು ಮಡಿಸಿಕೊಂಡು ಸಹನಾಳ ಜೊತೆ ಕೊಳಕ್ಕಿಳಿದರು. ಕೊಳದ ಕಾವಲಿಗಿದ್ದ ಹೆಂಗಸು ನಮ್ಮನ್ನು ನೋಡಿ, ‘ಇಲ್ಲಿ ಕಳ್ದಿದ್ದು ತಳ ಹಿಡ್ಕೊಂಡು ಪಂಪಿನ ತೊಟ್ಟಿಗೇ ಹೋಗೋದು. ಹಿಂದ್ಗಡೆ ಮಹದೇವಣ್ಣ ಇರ್ತಾರೆ ಕೇಳಿ’ ಅಂದಳು. ನಾನು ಓಡಿದೆ.

ಪಂಪಿನ ಕೋಣೆಯಲ್ಲಿ ಮಹದೇವು ಊಟದ ಡಬ್ಬಿ ತೊಳೆಯುತ್ತಿದ್ದರು. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ವಿಷಯ ಕೇಳಿದ ಕೂಡಲೇ ಮೇಲಿನವರಿಗೆ ಹೇಳಿಕಳಿಸಿ ರೈಡು ನಿಲ್ಲಿಸಿದರು, ಪಂಪು ನಿಲ್ಲಿಸಿದರು. ಕೋಣೆಯ ಪಕ್ಕದ ತೊಟ್ಟಿಯ ಮುಚ್ಚಳ ತೆಗೆದು, ನೀರು ನಿಧಾನವಾಗಿ ಹೊರಹೋಗಲು ವಾಲ್ವ್ ಬಿಟ್ಟರು. ಸೊಂಟದವರೆಗಿನ ಕಲಕು ನೀರು. ‘ಇಳಿದು ನೋಡ್ತೀರಾ’ ಎಂದು ಕೇಳಿದೆ. ಅವರು ನನ್ನನ್ನೇ ನೋಡಿ, ‘ಕಾಲಲ್ಲಿ ಹುಡ್ಕೋ ವಸ್ತು ಅಲ್ವಲ್ಲಮ್ಮ ಅದು’ ಅಂದರು. ತೊಟ್ಟಿಯ ಅಂಚಿನಲ್ಲಿ ಬೋರಲಾಗಿ ಮಲಗಿ, ಭುಜದವರೆಗೆ ಕೈ ಇಳಿಬಿಟ್ಟು ತಡಕತೊಡಗಿದರು. ಹೇರ್‌ಪಿನ್ನು, ಬಳೆಚೂರು, ಯಾರದೋ ವಾಚಿನ ಪಟ್ಟಿ ಒಂದೊಂದಾಗಿ ಮೇಲೆ ಬಂದವು. ಬಿಸಿಲಿಗೆ ಬೆನ್ನು ಕಾದರೂ ಏಳಲಿಲ್ಲ. ನೀರು ತಗ್ಗಿದಂತೆಲ್ಲ ಇನ್ನಷ್ಟು ಬಾಗಿದರು. ಒಂದೂವರೆ ಗಂಟೆ ಹೀಗೇ ನಡೆಯಿತು.

ಕಾಯುತ್ತಾ ನಿಂತ ನಾನು ಕೋಣೆಯೊಳಗೆ ನೋಡಿದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ದಲಿತ ಸಂಘಟನೆಯ ಒಂದು ಪುಟ್ಟ ನೀಲಿ ಬಾವುಟ. ಇವರು ಯಾವ ಕೇರಿಯವರು ಎಂದು ನನಗೆ ತಿಳಿಯಿತು. ತಿಳಿದದ್ದು ತಪ್ಪಲ್ಲ, ಆಮೇಲೆ ಆದದ್ದು ತಪ್ಪು. ಅಷ್ಟರಲ್ಲಿ ತೊಟ್ಟಿಯ ಮೂಲೆಯಲ್ಲಿ ಬಿಳಿಯ ಬಟ್ಟೆ ಕಂಡಿತು. ಅವರ ಕೈ ಅದಕ್ಕೆ ಒಂದು ಗೇಣು ದೂರದಲ್ಲಿತ್ತು.

‘ಮುಟ್ಟಬೇಡಿ, ಮುಟ್ಟಬೇಡಿ. ನಾನು ತಗೋತೀನಿ’ ಎಂದೆ.

ಆ ಕೈ ನಿಂತುಬಿಟ್ಟಿತು. ಅವರು ಎದ್ದು, ಅಂಗಿಯ ಮಣ್ಣು ಒದರಿಕೊಂಡು ಪಕ್ಕಕ್ಕೆ ಸರಿದರು. ನಾನು ಮಲಗಿ ಕೈ ಚಾಚಿದೆ. ಎಟುಕಲಿಲ್ಲ. ಹಿಂದೆ ಅತ್ತೆ ಬಂದು ನಿಂತಿದ್ದು ನನಗೆ ಗೊತ್ತಿರಲಿಲ್ಲ. ‘ಏಳು ಮೇಲೆ’ ಅಂದರು. ಆ ದನಿಯಲ್ಲಿ ಅವರು ನನ್ನೊಡನೆ ಮಾತಾಡಿದ್ದು ಅದೊಂದೇ ಸಲ. ಆಮೇಲೆ ಮಹದೇವು ಕಡೆ ತಿರುಗಿ, ‘ತಕ್ಕೊಡಪ್ಪ’ ಅಂದರು.

‘ನಾನು ಮುಟ್ಬೌದಾ ಅವ್ವಾ?’

ಅತ್ತೆ ಎಡ ಅಂಗೈ ಮುಂದೆ ಚಾಚಿದರು. ಮಹದೇವು ಮತ್ತೆ ಮಲಗಿ, ಬಟ್ಟೆಯ ಗಂಟನ್ನು ಎತ್ತಿ, ಆ ಅಂಗೈ ಮೇಲೆ ಇಟ್ಟರು. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡು, ಒದ್ದೆ ಚೂಡಿದಾರಿನಲ್ಲೇ ಬಗ್ಗಿ ಅವರ ಕಾಲು ಮುಟ್ಟಿದರು. ಅವರು ಗಾಬರಿಯಾಗಿ ಹಿಂದೆ ಸರಿದು ‘ಬ್ಯಾಡಿ ಅವ್ವಾ, ಬ್ಯಾಡಿ’ ಎಂದರು. ‘ನನ್ ಕೈಗೆ ಲಿಂಗ ಕೊಟ್ಟೋರು ಇಬ್ರೇ ಕಣಪ್ಪ. ಒಬ್ರು ಮಠದ ಬುದ್ಧಿಯೋರು, ಇನ್ನೊಬ್ರು ನೀವು. ಕೊಟ್ಟೋರ್ಗೆ ನಮಸ್ಕಾರ ಮಾಡ್ಬೇಕು’ ಅಂದರು.

ಅಲ್ಲಿಗೆ ನಮ್ಮ ಮನೆಯಲ್ಲಿ ಪಾರ್ಕುಗಳ ವಾದ ಮುಗಿಯಿತು. ಆಮೇಲೂ ಎರಡು ಕಡೆ ಹೊಸ ಹೊಸ ರೈಡು ಬಂದವು, ನಾವೂ ಹತ್ತಿದೆವು. ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ಅತ್ತೆ, ‘ಮಿಷನ್ನು ಎಲ್ಲಾ ಕಡೆನೂ ಒಂದೇಯ. ಕೆಳಗೆ ಯಾರವ್ರೆ ನೋಡ್ಬೇಕು’ ಎನ್ನುತ್ತಿದ್ದರು. ಮಹದೇವು ವರ್ಷಕ್ಕೊಮ್ಮೆ ಶಿವರಾತ್ರಿಯ ಮಾರನೆಯ ದಿನ ಅತ್ತೆ ಕರೆದರೆಂದು ಊಟಕ್ಕೆ ಬರತೊಡಗಿದರು. ನಾನು ಅವರಿಗೆ ಬೇಡ ಬೇಡವೆಂದರೂ ಒಬ್ಬಟ್ಟು ಬಡಿಸುತ್ತಿದ್ದೆ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿಲ್ಲ. ಮದುವೆಮನೆಯಲ್ಲಿ, ಮಹಿಳಾ ಸಮಾಜದಲ್ಲಿ, ರೈಲಿನಲ್ಲಿ ಪರಿಚಯವಾದವರಿಗೆ. ಪಿನ್ನು ಹಾಕಿದ ನನ್ನ ದಡ್ಡತನವನ್ನು ನಾನೇ ಆಡಿಕೊಂಡು ನಗಿಸುತ್ತೇನೆ. ಅತ್ತೆ ಕಾಲು ಮುಟ್ಟಿದ ಕಡೆ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಆದರೆ ‘ಮುಟ್ಟಬೇಡಿ’ ಎಂಬ ಮಾತನ್ನು ನಾನು ಒಂದು ಸಲವೂ ಹೇಳಿರಲಿಲ್ಲ. ನನ್ನ ಕಥೆಯಲ್ಲಿ ಮಹದೇವು ಬಿಳಿ ಬಟ್ಟೆ ಕಂಡ ಕೂಡಲೇ ಎತ್ತಿ ಅತ್ತೆಯ ಕೈಗೆ ಕೊಡುತ್ತಿದ್ದರು. ಅತ್ತೆಯ ಮಡಿಗೆ ಹೆದರಿ ಹಾಗೆ ಅಂದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಆ ಪಟ ನೋಡದಿದ್ದರೆ ಆ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ.

ಮೊನ್ನೆ ಸಂಪಿನ ಕೆಲಸ ಮುಗಿಸಿ ಊಟಕ್ಕೆ ಕೂತಾಗ ಸಹನಾ ತನ್ನ ಗಂಡನಿಗೆ ಆ ಕಥೆ ಹೇಳು ಎಂದು ನನ್ನನ್ನು ಪೀಡಿಸಿದಳು. ಹೇಳಿದೆ. ಬಿಳಿ ಬಟ್ಟೆ ಕಂಡ ಕಡೆ ಬಂದಾಗ ಅತ್ತೆಯವರನ್ನು ನೋಡಿದೆ. ಈಗ ಅವರಿಗೆ ಎಂಬತ್ತರ ಹತ್ತಿರ. ತುತ್ತು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಯಾಕೋ ಈ ಸಲ ದಾಟಿ ಹೋಗಲು ಆಗಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿಬಿಟ್ಟೆ. ಸಹನಾ ತಲೆ ತಗ್ಗಿಸಿದಳು. ಅಳಿಯಂದಿರು ನೀರಿನ ಲೋಟ ಅತ್ತಿತ್ತ ಸರಿಸಿದರು.

‘ನೀನು ಹೇಳ್ದಾಗೆಲ್ಲ ಅಲ್ಲಿಗ್ ಬಂದಾಗ ಕಾಯ್ತಿದ್ದೆ ಕಣಮ್ಮ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ’ ಅಂದರು ಅತ್ತೆ.

‘ತಪ್ಪಾಯ್ತು ಅತ್ತೆ.’

‘ನನ್ಗ್ಯಾಕೆ ಹೇಳ್ತೀಯ? ಅನ್ನಿಸ್ಕೊಂಡಿದ್ದು ನಾನಾ?’

ಭಾನುವಾರ ಬೆಳಿಗ್ಗೆ ಮಹದೇವು ಅವರನ್ನು ಕಾಣಲು ಬೋಗಾದಿಗೆ ಹೋದೆ. ನೀವೂ ಬನ್ನಿ ಎಂದು ಅತ್ತೆಯನ್ನು ಕರೆದೆ, ಬರಲಿಲ್ಲ. ಮಹದೇವು ಕೆಲಸದಿಂದ ನಿವೃತ್ತರಾಗಿ ಅಲ್ಲಿ ಮಗನ ಮನೆಯಲ್ಲಿದ್ದಾರೆ. ಬಾಗಿಲು ತೆಗೆದವರು ಅವರೇ. ಅತ್ತೆಗೆ ಏನಾದರೂ ಆಯಿತೇ ಎಂದು ಅವರ ಮುಖ ಇಳಿಯಿತು. ಇಲ್ಲ, ಆರಾಮಾಗಿದ್ದಾರೆ ಅಂದೆ. ಎಷ್ಟೋ ಸಭೆಯಲ್ಲಿ ಮಾತಾಡಿದ ಬಾಯಿ ನನ್ನದು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಸಹಾಯಕ್ಕೆ ಬರಲಿಲ್ಲ. ‘ಅವತ್ತು ತೊಟ್ಟಿ ಹತ್ರ ನಿಮ್ಮನ್ನ ಮುಟ್ಟಬೇಡಿ ಅಂದ್ನಲ್ಲ, ನೀವು ಯಾರು ಅಂತ ತಿಳ್ಕೊಂಡೇ ಅಂದೆ. ಅದನ್ನ ಹೇಳೋಕೆ ಬಂದೆ’ ಎಂದೆ.

ಅವರು ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ತೆಗೆದರು.

‘ಮರ್ತಿರ್ಲಿಲ್ಲ ಕಣಮ್ಮ’ ಅಂದರು. ಆಮೇಲೆ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ‘ಬನ್ನಿ, ಒಳಗ್ ಬಂದು ಕೂತ್ಕಳಿ’ ಅಂದರು.

ಹೋಗಿ ಕೂತೆ. ಇಪ್ಪತ್ತು ವರ್ಷ ಅವರು ನಮ್ಮ ಮನೆಗೆ ಬಂದುಹೋಗಿದ್ದಾರೆ. ಅವರ ಮನೆಯೊಳಗೆ ನಾನು ಕೂತದ್ದು ಅದೇ ಮೊದಲು.