ಆಮೆ ಹತ್ತಿದ ಏಣಿ

ಪ್ಲಾಸಿದೊ ರಿಂಕೋನ್ ಓಡುವುದನ್ನು ಮೊದಲ ಸಲ ನೋಡಿದವರು ನಗುತ್ತಾರೆ, ಎರಡನೇ ಸಲ ನೋಡಿದವರು ಅಯ್ಯೋ ಪಾಪ ಅನ್ನುತ್ತಾರೆ. ಅಲ್ಲಿಂದಾಚೆಗೆ, ಅವನು ಓಡಲು ಶುರು ಮಾಡಿದ ಕೂಡಲೇ ಎದ್ದು ಹೋಗಿ ಕಾಫಿ ಕುಡಿದು ಬರುತ್ತಾರೆ. ಬಂದು ಕೂತ ಮೇಲೂ ಅವನು ಓಡುತ್ತಲೇ ಇರುತ್ತಾನೆ. ಸಾಂತಾ ಲಿಯೊನೋರ್ ಎಂಬ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ, ಹೆಂಡತಿ ಒನೇಲಿಯಾ ಮತ್ತು ಚರ್ಚಿನ ಪಾದ್ರಿ. ಮಿಕ್ಕವರಿಗೆಲ್ಲ ಅವನು ಆಮೆ. ಹೆದ್ದಾರಿಯ ಪಕ್ಕ, ಬಾದಾಮಿ ಮರದ ಕೆಳಗಿರುವ ಅವನ ಪಂಕ್ಚರ್ ಅಂಗಡಿಯ ಹಲಗೆಯ ಮೇಲೂ ‘ಆಮೆ ಟೈರು’ ಎಂದೇ ಬರೆದಿದೆ. ಬರೆದವನು ಮನೆಗಳಿಗೆ ಬಣ್ಣ ಬಳಿಯುವ ಫೆರ್ಮಿನ್, ಒನೇಲಿಯಾಳ ಅಣ್ಣ. ಪುಕ್ಕಟೆ ಬರೆದುಕೊಟ್ಟ. ಭಾವನ ಮಾನ ಕಳೆಯುವ ಕೆಲಸಕ್ಕೆ ಅವನು ಯಾವತ್ತೂ ಕೂಲಿ ಕೇಳಿದವನಲ್ಲ.

ಹುಟ್ಟುವಾಗಲೇ ಪ್ಲಾಸಿದೊನ ಪಾದಗಳು ರೊಟ್ಟಿಯಂತೆ ಚಪ್ಪಟೆಯಾಗಿದ್ದವು. ತೋಳಿನಲ್ಲಿ ಮಾತ್ರ ಎತ್ತಿನ ಬಲ. ಹದಿನೇಳರ ಹರೆಯದಲ್ಲಿದ್ದಾಗ, ಹುಡುಗರನ್ನು ಆರಿಸಿ ಹೊರದೇಶದ ದೊಡ್ಡ ಬೇಸ್‌ಬಾಲ್ ತಂಡಗಳಿಗೆ ಕಳಿಸುವವನೊಬ್ಬ ಊರಿಗೆ ಬಂದಿದ್ದ. ಪ್ಲಾಸಿದೊ ಚೆಂಡನ್ನು ಕಬ್ಬಿನ ಗದ್ದೆಯ ನಡುಮಧ್ಯಕ್ಕೆ ಅಟ್ಟಿದ್ದು ನೋಡಿ ಆತನ ಕಣ್ಣು ಅರಳಿತು. ಆಮೇಲೆ ಓಡಿಸಿ ನೋಡಿದ. ಹುಡುಗ ಗೆರೆ ಮುಟ್ಟುವ ಹೊತ್ತಿಗೆ ಆತ ಕೈಯಲ್ಲಿದ್ದ ಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ, ಕೆಟ್ಟು ನಿಂತಿದೆಯೋ ಏನೋ ಎಂದು. ಅವತ್ತು ಸಂಜೆ ಪ್ಲಾಸಿದೊ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತ. ಅಮ್ಮ ಬಾಳೆಕಾಯಿ ಕರಿದು ಕೊಟ್ಟಳು, ತಿಂದು ಮಲಗಿದ. ಬೆಳಗ್ಗೆ ಎದ್ದು ಟೈರಿನ ಕೆಲಸ ಕಲಿಯಲು ಹೋದ. ಭಾನುವಾರದ ಬೇಸ್‌ಬಾಲ್ ಮಾತ್ರ ಬಿಡಲಿಲ್ಲ. ಬ್ಯಾಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಅವನದಾಯಿತು. ಹಾಗೆ ಕೂತೂ ಕೂತೂ ಇದ್ದಬದ್ದ ಮಂಡಿಯೂ ಸವೆಯಿತು.

ಊರಿನ ಆಟದ ಮೈದಾನದ ಮೂರು ಮೂಲೆಗಳಲ್ಲಿ ಮರಳು ತುಂಬಿದ ಅಕ್ಕಿ ಮೂಟೆಗಳಿವೆ. ನಾಲ್ಕನೆಯ ಮೂಲೆ ಹೊಡೆಯುವವನು ನಿಲ್ಲುವ ಜಾಗ, ಅದೇ ಮನೆ. ಹೊಡೆದು ಓಡಿ ಒಂದು ಮೂಟೆ ಮುಟ್ಟಿದರೆ ಒಂದರ ಹೊಡೆತ. ಹಾಗೇ ಎರಡು, ಮೂರು. ಸುತ್ತಿ ಮನೆಗೇ ಬಂದುಬಿಟ್ಟರೆ ಕೇಳುವುದೇ ಬೇಡ. ಒಂದೇ ಆಟದಲ್ಲಿ ಒಬ್ಬನೇ ಈ ನಾಲ್ಕು ಬಗೆಯನ್ನೂ ಹೊಡೆದರೆ ಅವನು ಏಣಿ ಹತ್ತಿದ ಎನ್ನುತ್ತಾರೆ. ಆ ಊರಿನಲ್ಲಿ ಹತ್ತಿದವನನ್ನು ನಿಜವಾದ ಏಣಿಯ ಮೇಲೆಯೇ ಕೂರಿಸಿ, ಹೆಗಲ ಮೇಲೆ ಹೊತ್ತು ಬೀದಿಬೀದಿ ಮೆರವಣಿಗೆ ಮಾಡುತ್ತಾರೆ. ಆದರೆ ಅಂಥ ಭಾಗ್ಯ ಯಾರಿಗೆ ಬರಬೇಕು? ಊರಿಡೀ ಸೇರಿ ಏಣಿ ಹತ್ತಿದವನು ಒಬ್ಬನೇ ಒಬ್ಬ, ಅದೂ ಇಪ್ಪತ್ತು ವರ್ಷದ ಹಿಂದೆ. ಯಾರಂತೀರಿ? ಇನ್ಯಾರು, ಫೆರ್ಮಿನ್!

ಫೆರ್ಮಿನ್ ತನ್ನ ಮನೆಯ ಮುಂದಿನ ಗೋಡೆಗೆ ನಾಲ್ಕು ಮೆಟ್ಟಿಲ ಹಳದಿ ಏಣಿ ಬರೆದುಕೊಂಡಿದ್ದಾನೆ. ಬಿಸಿಲಿಗೆ ಮಾಸಿದ ಹಾಗೆಲ್ಲ ಹೊಸ ಬಣ್ಣ ಕೊಡುತ್ತಾನೆ. ಪ್ರತಿ ಕ್ರಿಸ್‌ಮಸ್ ಊಟಕ್ಕೂ ಸುಟ್ಟ ಹಂದಿಮಾಂಸ ಬಾಯಿಗಿಡುವ ಮೊದಲು ಆ ದಿನದ ಕಥೆ ಶುರುವಾಗುತ್ತಿತ್ತು, ಮುಗಿಯುವುದು ಪ್ಲಾಸಿದೊನ ಹತ್ತಿರ ಬಂದು.

“ಏನೇ ಹೇಳು ಭಾವ, ನಿನಗೆ ಮೂರು ಮೂಟೆಯ ಹೊಡೆತ ಈ ಜನ್ಮದಲ್ಲಿಲ್ಲ. ಅಷ್ಟು ದೂರ ನಡೆಯೋಕೆ ನೀನು ಬುತ್ತಿ ಕಟ್ಕೊಂಡು ಹೊರಡ್ಬೇಕು.”

ಎಲ್ಲರೂ ನಗುತ್ತಿದ್ದರು, ಪ್ಲಾಸಿದೊ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆದರೆ ಅದು ಅವನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟುತ್ತಿತ್ತು. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ಆ ಏಣಿಯ ಮೇಲೆ ಕೂರಬೇಕು. ಈ ಆಸೆಯನ್ನು ಅವನು ಒನೇಲಿಯಾಳ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳದಿದ್ದರೇನು, ಅವಳಿಗೆ ಗೊತ್ತಿತ್ತು.

ಒನೇಲಿಯಾ ಸಾಮಾನ್ಯದವಳಲ್ಲ. ಮೈದಾನದ ಪಕ್ಕದ ಹಲಗೆ ಗುಡಿಸಲಿನಲ್ಲಿ ಧ್ವನಿವರ್ಧಕ ಹಿಡಿದು ಕೂತು, ಯಾವ ಹೊಡೆತ ಎಷ್ಟು ಮೂಟೆಯದು, ಯಾವುದು ಹೊಡೆತವೇ ಅಲ್ಲ, ಎದುರಿನವನ ಕೈತಪ್ಪು ಎಂದು ಸಾರುವವಳು ಅವಳೇ. ಗಂಡನ ವಿಷಯದಲ್ಲಂತೂ ಹುಲಿ. ಗಂಡನ ಪಕ್ಷ ಹಿಡಿದಳೆಂದು ಯಾರೂ ಬೆರಳು ತೋರಿಸದಿರಲಿ ಎಂದು, ಅವನ ಎಷ್ಟೋ ಹೊಡೆತಗಳನ್ನು ಕೈತಪ್ಪಿನ ಲೆಕ್ಕಕ್ಕೆ ತಳ್ಳಿದ್ದಳು. ಅಂಥ ಭಾನುವಾರಗಳಲ್ಲಿ ಆ ಮನೆಯಲ್ಲಿ ಅವರೆಕಾಳಿನ ಸಾರು ಇಬ್ಬರ ನಡುವೆ ಮಾತಿಲ್ಲದೆ ಖಾಲಿಯಾಗುತ್ತಿತ್ತು.

ಈಗ ಆ ದಿನದ ಮಾತಿಗೆ ಬರೋಣ. ಕಬ್ಬಿನ ಕಟಾವು ಇನ್ನೂ ಶುರುವಾಗಿರಲಿಲ್ಲ, ಮೈದಾನದ ಆಚೆ ಕಬ್ಬು ಆಳೆತ್ತರ ಮೀರಿ ನಿಂತಿತ್ತು. ಎದುರು ತಂಡ ಬಂದರಿನವರದು, ಎಲ್ಲ ಎಳೆ ಹುಡುಗರು. ಪ್ಲಾಸಿದೊನಿಗೆ ಐವತ್ತೊಂದು. ಮೊದಲ ಸರದಿಯಲ್ಲೇ ಅವನು ಹೊಡೆದ ಚೆಂಡು ಮೈದಾನದಂಚಿನ ಕಾಲುವೆಯನ್ನು ಗಾಳಿಯಲ್ಲೇ ದಾಟಿ ಕಬ್ಬಿಗೆ ಬಿತ್ತು. ಹಾಗೆ ದಾಟಿದರೆ ನೇರ ಮನೆ, ಓಡುವ ಅವಸರವೇ ಇಲ್ಲ. ಕೈಬೀಸಿಕೊಂಡು ಸುತ್ತಿ ಬಂದ. ಎರಡನೇ ಸಲದ ಚೆಂಡು ಎಡಗಡೆಯ ಹುಣಸೆ ಮರಕ್ಕೆ ಸಿಕ್ಕಿಕೊಂಡಿತು. ಮರಕ್ಕೆ ಸಿಕ್ಕರೆ ಎರಡು ಮೂಟೆ, ಇದು ಅವರ ಅಜ್ಜಂದಿರ ಕಾಲದ ಕಟ್ಟಳೆ. ಮೂರನೆಯದು ನೆಲಕ್ಕೆ ಬಡಿದು, ಬಂದರಿನ ಹುಡುಗನೊಬ್ಬನ ಕೈಗೆ ತಾಗಿ ಪಕ್ಕಕ್ಕೆ ಹಾರಿತು. ಆಮೆ ಏದುಸಿರು ಬಿಡುತ್ತ ಮೊದಲ ಮೂಟೆ ಮುಟ್ಟಿತು.

ಹೊಡೆತವೋ, ಕೈತಪ್ಪೋ? ಎಲ್ಲರ ಕತ್ತೂ ಗುಡಿಸಲಿನ ಕಡೆ ತಿರುಗಿತು. ಧ್ವನಿವರ್ಧಕ ಕೆಮ್ಮಿತು.

“ಒಂದು ಮೂಟೆಯ ಹೊಡೆತ,” ಎಂದಳು ಒನೇಲಿಯಾ.

“ಓಹೋ! ನಿನ್ನೆ ಪಾತ್ರೆ ತೊಳೆದಿದ್ದು ಯಾರು ಅಂತ ಈಗ ಗೊತ್ತಾಯ್ತು ಬಿಡ್ರಪ್ಪ!” ಎಂದು ಯಾರೋ ಕೂಗಿದರು. ನಗೆಯ ಅಬ್ಬರಕ್ಕೆ ಹುಣಸೆ ಮರದ ಹಕ್ಕಿಗಳೆಲ್ಲ ಎದ್ದವು. ಚೆಂಡು ಬಿಟ್ಟ ಹುಡುಗನೇ, “ಹೊಡೆತಾನೇ ಕಣ್ರೀ, ಕೈ ಇನ್ನೂ ಉರೀತಿದೆ,” ಎಂದು ಅಂಗೈ ಊದಿಕೊಂಡ.

ನಗೆ ನಿಂತ ಮೇಲೆ ಲೆಕ್ಕ ಎಲ್ಲರ ತಲೆಗೂ ಒಟ್ಟಿಗೇ ಹೊಳೆಯಿತು. ಮನೆ ಆಯಿತು, ಎರಡಾಯಿತು, ಒಂದಾಯಿತು. ಮೂರು ಮೂಟೆಯದೊಂದೇ ಬಾಕಿ. ಏಣಿ ಎಂಬ ಮಾತನ್ನು ಅಂಥ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕೆಡುತ್ತದೆ. ಆದರೆ ಹಾಳಾದ್ದು, ಗುಡಿಸಲಿಗೆ ಬಣ್ಣ ಬಳಿಯಲು ತಂದಿದ್ದ ಫೆರ್ಮಿನ್‌ನ ಏಣಿ ಅಲ್ಲೇ ಗೋಡೆಗೆ ಒರಗಿ ನಿಂತಿದೆ! ಯಾನಿಕೆಕೆ ಎಂಬ ಗರಿ ಪೂರಿ ಕರಿದು ಮಾರುವ ಮುದುಕಿ ಓಡಿಬಂದು, ಮೇಜಿನ ಮೇಲಿದ್ದ ಹೂವಿನ ಬಟ್ಟೆ ಕಿತ್ತು ಅದಕ್ಕೆ ಹೊದಿಸಿದಳು. ಕೆಳಗಿನ ಮೆಟ್ಟಿಲು ಕಾಣುತ್ತಿತ್ತು. ಯಾರೋ ತಮ್ಮ ಅಂಗಿಯನ್ನೇ ಬಿಚ್ಚಿ ಅಲ್ಲಿಗೆ ಕಟ್ಟಿದರು. ಮೂರನೇ ಮೂಟೆಯ ಪಕ್ಕ ನಿಂತು, ಓಡಿ ಬರುವವರಿಗೆ ನಿಲ್ಲು ಹೋಗು ಎಂದು ಕೈತೋರುವುದು ಫೆರ್ಮಿನ್‌ನ ಕೆಲಸ. ಅವನು ಉಗುರು ಕಚ್ಚುತ್ತ ನಿಂತಿದ್ದ.

ಕೊನೆಯ ಸರದಿ ಬಂತು. ಬಂದರಿನವರು ಒಂದು ಅಂಕ ಮುಂದಿದ್ದಾರೆ, ಊರಿನವರಲ್ಲಿ ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಸರದಿ ಮುಗಿಯಿತು, ಮೊದಲ ಮೂಟೆಯ ಮೇಲೆ ಒಬ್ಬ ನಿಂತಿದ್ದಾನೆ. “ಪ್ಲಾಸಿದೊ ರಿಂಕೋನ್,” ಎಂದು ಒನೇಲಿಯಾ ಕರೆದಳು.

ಎರಡನೇ ಚೆಂಡಿಗೇ ಬ್ಯಾಟು ಬೀಸಿದ. ಠಣ್! ಚೆಂಡು ನೀಟಾಗಿ ಮಧ್ಯಕ್ಕೆ ಹಾರಿ, ಕಾಲುವೆಯ ಈಚೆಗೇ ನೆಲಕ್ಕೆ ಬಡಿದು, ಕಿರುಸೇತುವೆಯ ಮೇಲೆ ಉರುಳಿ ಕಬ್ಬಿನೊಳಗೆ ನುಗ್ಗಿತು. ಉರುಳಿ ಹೋದ ಚೆಂಡು ಸತ್ತ ಚೆಂಡಲ್ಲ, ಹುಡುಕಿ ತರಬೇಕು. ಬಂದರಿನ ಹುಡುಗ ಕಬ್ಬಿಗೆ ಹಾರಿದ. ಅವನು ಕಾಣಲಿಲ್ಲ, ಕಬ್ಬು ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

“ಓಡೋ ಆಮೆ! ಓಡೋ ನಮ್ಮಪ್ಪಾ!”

ಆಮೆ ಓಡಿತು. ಮೊದಲ ಮೂಟೆ ದಾಟಿತು. ಮುಂದಿದ್ದವನು ಅಷ್ಟರಲ್ಲಿ ಮನೆ ಮುಟ್ಟಿ ಅಂಕ ಸರಿಸಮ ಮಾಡಿಬಿಟ್ಟಿದ್ದ. ಎರಡನೇ ಮೂಟೆ ದಾಟುವಾಗ ಪ್ಲಾಸಿದೊನ ಎದೆ ತಿದಿಯ ಹಾಗೆ ಊದಿ ಇಳಿಯುತ್ತಿತ್ತು. ಕಬ್ಬು ಇನ್ನೂ ಅಲ್ಲಾಡುತ್ತಲೇ ಇತ್ತು. ಮೂರನೇ ಮೂಟೆ! ಜನ್ಮದಲ್ಲಿ ಮೊದಲ ಬಾರಿಗೆ, ಕೈಬೀಸಿಕೊಂಡು ಬಂದಲ್ಲ, ತನ್ನ ಹೊಡೆತಕ್ಕೆ ಓಡಿಯೇ ಅವನು ಆ ಮೂಟೆಯನ್ನು ತುಳಿದ. ಇಲ್ಲೇ ನಿಂತರೆ ಏಣಿ ತನ್ನದು. ಯಾರೂ ಬೈಯುವುದಿಲ್ಲ. ಅಪ್ಪಾ, ನಿಂತುಬಿಡಲೇ?

ತಲೆಯೆತ್ತಿದರೆ ಫೆರ್ಮಿನ್ ಗಾಣದ ಚಕ್ರದಂತೆ ತೋಳು ತಿರುಗಿಸುತ್ತಿದ್ದಾನೆ. “ಹೋಗು! ಮನೆಗೆ ಹೋಗು! ಗೆದ್ವಿ, ಹೋಗೋ!”

ಮುಂದಿನ ಹೊಡೆಯುವವನು ಶುದ್ಧ ದಂಡ, ಇದು ಪ್ಲಾಸಿದೊನಿಗೆ ಗೊತ್ತು. ಮನೆ ಮುಟ್ಟಿದರೆ ಊರು ಗೆಲ್ಲುತ್ತದೆ. ಆದರೆ ಆಗ ಅದು ಇನ್ನೊಂದು ಮನೆಯ ಹೊಡೆತವಾಗಿಬಿಡುತ್ತದೆ, ಮೂರರದಲ್ಲ. ಏಣಿ ಹೋಗುತ್ತದೆ. ಈ ಭಾವ ತಂಡಕ್ಕಾಗಿ ಕೈ ಬೀಸುತ್ತಿದ್ದಾನೋ, ಗೋಡೆಯ ಮೇಲಿನ ಹಳದಿ ಬಣ್ಣಕ್ಕಾಗಿಯೋ? ಪ್ಲಾಸಿದೊ ಬೆಂಚಿನ ಕಡೆ ನೋಡಿದ. ಎಲ್ಲರೂ ಎದ್ದು ನಿಂತಿದ್ದರು. ಅವನಿಗೆ ಕಣ್ಣು ಮಂಜಾಯಿತು. ಏಣಿಗೊಂದು ನಮಸ್ಕಾರ ಹಾಕಿ ಮನೆಯ ಕಡೆ ಓಡಿದ.

ಅರ್ಧ ದಾರಿಗೆ ಬಂದಿದ್ದ, ಚೆಂಡು ಕಬ್ಬಿನಿಂದ ಹೊರಬಂತು. ಕೈಯಿಂದ ಕೈಗೆ ಹಾರಿ ಮನೆಯ ಬಳಿ ಕೂತಿದ್ದ ಬಂದರಿನ ಹುಡುಗನ ಕೈ ಸೇರಿತು. ಪ್ಲಾಸಿದೊ ಇನ್ನೂ ಬರುತ್ತಲೇ ಇದ್ದ. ಆ ಹುಡುಗ ಚೆಂಡು ಹಿಡಿದು ಎದ್ದುನಿಂತು, ಬೆವರು ಒರೆಸಿಕೊಂಡು ಕಾದ.

“ನಿಧಾನಕ್ಕೆ ಬನ್ನಿ ಮಾವ. ಬಿದ್ದುಗಿದ್ದೀರಾ,” ಎಂದ. ಬಂದ ಮೇಲೆ ಮರ್ಯಾದೆಯಿಂದ ಹೊಟ್ಟೆಗೆ ಚೆಂಡು ಮುಟ್ಟಿಸಿದ. ಔಟ್!

ಪ್ಲಾಸಿದೊ ಮಣ್ಣಿನ ಮೇಲೆ ಅಂಗಾತ ಬಿದ್ದುಕೊಂಡ. ಗೆಲುವೂ ಹೋಯಿತು, ಏಣಿಯೂ ಹೋಯಿತು. ಎದ್ದೇಳುವ ಮನಸ್ಸೇ ಆಗಲಿಲ್ಲ. ಹದಿನೇಳರಲ್ಲಿ ಕೈಕೊಟ್ಟ ಕಾಲು ಐವತ್ತೊಂದರಲ್ಲೂ ಕೈಕೊಟ್ಟಿತಲ್ಲ ಎಂದು ಅಳು ಬಂತು.

ಧ್ವನಿವರ್ಧಕ ಕೆಮ್ಮಿತು.

“ಎಲ್ರೂ ಕೇಳ್ರಿ,” ಎಂದಳು ಒನೇಲಿಯಾ. “ಓಡಿದವನು ಮನೆಯಲ್ಲಿ ಔಟ್. ಮನೆ ಮುಟ್ಟಲಿಲ್ಲ, ಹಾಗಾಗಿ ಮನೆಯ ಹೊಡೆತ ಅಲ್ಲ. ಆದ್ರೆ ಮುಟ್ಟಿದ ಮೂಟೆಗಳನ್ನ ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಇದು ಎಲ್ಲಾ ಮೈದಾನದಲ್ಲೂ ಇರೋ ನಿಯಮ, ನನ್ನ ಗಂಡ ಅಂತ ಹೇಳ್ತಿಲ್ಲ. ಪ್ಲಾಸಿದೊ ರಿಂಕೋನ್, ಮೂರು ಮೂಟೆಯ ಹೊಡೆತ!” ಆಮೇಲೆ ಧ್ವನಿವರ್ಧಕ ಆರಿಸುವುದನ್ನು ಮರೆತು ಗೊಳೋ ಎಂದು ಅತ್ತಳು, ಅದು ಊರಿಗೆಲ್ಲ ಕೇಳಿಸಿತು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈದಾನ ಮೈದಾನವಾಗಿ ಉಳಿಯಲಿಲ್ಲ. ಹೆಂಗಸರು ಪಾತ್ರೆ ಬಡಿದರು, ಬಂದರಿನ ಹುಡುಗರೂ ಟೋಪಿ ಎಸೆದು ಕುಣಿದರು. ಆಟ ಸಮದಲ್ಲೇ ನಿಂತಿತ್ತು. ಅದನ್ನು ಮುಂದುವರಿಸಬೇಕೆಂದು ಇವತ್ತಿನವರೆಗೂ ಯಾರೂ ಕೇಳಿಲ್ಲ. ಒಂದು ಹೆಜ್ಜೆ ಜೋರಾಗಿ ಓಡಬಲ್ಲವನಾಗಿದ್ದರೆ ಪ್ಲಾಸಿದೊನಿಗೆ ಏಣಿ ದಕ್ಕುತ್ತಿರಲಿಲ್ಲ ನೋಡಿ!

ಫೆರ್ಮಿನ್ ಹೂವಿನ ಬಟ್ಟೆ ಕಿತ್ತೆಸೆದು, ಏಣಿಯನ್ನು ಹೆಗಲ ಮೇಲೆ ಹೊತ್ತು ಬಂದ. ಮುಖ ಕೆಂಪಾಗಿತ್ತು.

“ನಿಜ ಹೇಳು ಭಾವ,” ಎಂದ ಪ್ಲಾಸಿದೊ, ಬಿದ್ದಲ್ಲಿಂದಲೇ. “ಗೆಲ್ಲೋಕೆ ಕಳಿಸಿದ್ಯೋ, ಹೊಟ್ಟೆಕಿಚ್ಚಿಗೆ ಕಳಿಸಿದ್ಯೋ?”

“ಹೊಟ್ಟೆಕಿಚ್ಚಿಗೇ ಕಣೋ! ದೇವರಾಣೆ!” ಫೆರ್ಮಿನ್‌ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಮನೆ ಮುಟ್ಟು, ಗೆಲ್ಲಿಸು, ಏಣಿ ನನಗೊಬ್ಬನಿಗೇ ಇರ್ಲಿ ಅಂತ. ಕೇಡು ಬಗೆಯೋಕೂ ನಿನ್ನ ಕಾಲು ನಂಬೋ ಹಾಗಿಲ್ಲವಲ್ಲೋ! ಏಳು, ಏಳು. ಏಣಿಯ ಮುಂದಿನ ತುದಿ ನಾನೇ ಹೊರ್ತೀನಿ.”

ಹಾಗೆಯೇ ಹೊತ್ತ. ಇಡೀ ಊರು ಹಿಂದೆ ಬಂತು. ಕಿರಾಣಿ ಅಂಗಡಿ ದಾಟಿದರು, ಚರ್ಚು ದಾಟಿದರು, ಒನೇಲಿಯಾ ಪಕ್ಕದಲ್ಲೇ ನಡೆಯುತ್ತ ಅವನ ಚಪ್ಪಟೆ ಪಾದವೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಹಳದಿ ಏಣಿಯ ಗೋಡೆಯ ಮುಂದೆ ಬಂದಾಗ ಫೆರ್ಮಿನ್ ತಲೆ ತಗ್ಗಿಸಿ ಬಿರುಸಾಗಿ ಹೆಜ್ಜೆ ಹಾಕತೊಡಗಿದ. ಮೇಲಿನಿಂದ ಪ್ಲಾಸಿದೊ ಬಗ್ಗಿ ಅವನ ತಲೆ ತಟ್ಟಿದ.

“ಯಾಕೆ ಭಾವ ಓಡ್ತೀಯ? ನಿಧಾನಕ್ಕೆ ನಡಿ. ನನಗೇನೂ ಅವಸರ ಇಲ್ಲ.”